ಕ್ಯಾಲೊರಿ ಜಾಸ್ತಿ ಮಾಡಿದರೆ ಹಸಿವು ಕಡಿಮೆ ಆಗಬೇಕಲ್ವಾ? ನನಗೆ ಉಲ್ಟಾ ಆಗಿದೆ

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ವಯಸ್ಸು 34, ಎತ್ತರ 5 ಅಡಿ 3 ಇಂಚು, ಬೆಂಗಳೂರಿನಲ್ಲಿ ಕೂತು ಮಾಡುವ ಕೆಲಸ. 78 ಕೆಜಿ ಇದ್ದೆ, ಈಗ 68. ನಾಲ್ಕೈದು ತಿಂಗಳು ದಿನಕ್ಕೆ 1200 ಕ್ಯಾಲೊರಿ ಅಂತ ಲೆಕ್ಕ ಇಟ್ಟುಕೊಂಡು ತಿಂದೆ. ಬೆಳಿಗ್ಗೆ ಮೂರ್ನಾಲ್ಕು ಮೊಟ್ಟೆಯ ಬಿಳಿ, ಸೌತೆಕಾಯಿ. ಮಧ್ಯಾಹ್ನ ಮೊಳಕೆ ಕಾಳಿನ ಉಸಲಿ, ಒಂದು ಬಟ್ಟಲು ಮೊಸರು. ರಾತ್ರಿ ತರಕಾರಿ ಜೊತೆ ಪನೀರ್. ಅನ್ನ, ಮುದ್ದೆ, ದೋಸೆ ಎಲ್ಲ ಬಂದ್. ಮಧ್ಯೆ ಏನಾದರೂ ಬೇಕು ಅನಿಸಿದರೆ ಸಕ್ಕರೆ ಹಾಕದ ಫಿಲ್ಟರ್ ಕಾಫಿ. ಮೊದಲ ಒಂದೆರಡು ವಾರ ತುಂಬಾ ಕಷ್ಟ ಆಯಿತು. ಆಮೇಲೆ ಹಸಿವೇ ಇರಲಿಲ್ಲ, ಊಟದ ಹೊತ್ತು ಮೀರಿದರೂ ಗೊತ್ತಾಗುತ್ತಿರಲಿಲ್ಲ.

ಆದರೆ ತೂಕ 68ಕ್ಕೆ ಬಂದು ನಿಂತುಬಿಟ್ಟಿತು. ತಲೆ ಬಾಚಿದರೆ ಕೈತುಂಬ ಕೂದಲು. ಮುಟ್ಟು ಹಿಂದೆ ಮುಂದೆ ಆಗತೊಡಗಿತು. ಆಫೀಸಿನಲ್ಲಿ ಎಲ್ಲರಿಗೂ ಸೆಕೆ ಅಂದರೆ ನನಗೆ ಚಳಿ. ಒಬ್ಬರು ಡಯಟಿಷಿಯನ್ ಹತ್ತಿರ ಹೋದೆ. ಅವರು 1600ಕ್ಕೆ ಏರಿಸಿ, ವಾರಕ್ಕೆ ಮೂರು ದಿನ ಡಂಬೆಲ್ ಎತ್ತಿ, ಕಾಫಿ ಎರಡಕ್ಕೆ ಇಳಿಸಿ ಅಂದರು.

ಈಗ ಬೆಳಿಗ್ಗೆ ನಾಲ್ಕು ಇಡ್ಲಿ ಚಟ್ನಿ. ಮಧ್ಯಾಹ್ನ ಅನ್ನ, ಸಾರು, ಪಲ್ಯ. ಸಂಜೆ ಟೀ ಜೊತೆ ನಾಲ್ಕು ಬಿಸ್ಕತ್ತು ಇಲ್ಲವೇ ಒಂದು ಬಾಳೆಹಣ್ಣು. ರಾತ್ರಿ ಎರಡು ಚಪಾತಿ, ಪಲ್ಯ. ಲೆಕ್ಕ ಹಾಕಿದರೆ 1600 ಆಸುಪಾಸು ಬರುತ್ತದೆ. ಆದರೆ 11 ಗಂಟೆಗೆಲ್ಲ ಹೊಟ್ಟೆ ಚುರುಚುರು. ನಾಲ್ಕಕ್ಕೆ ಮತ್ತೆ. ರಾತ್ರಿ ಊಟ ಆಗಿ ಒಂದು ಗಂಟೆಗೆ ಅಡುಗೆ ಮನೆಯ ಡಬ್ಬ ಒಂದೊಂದೇ ತೆಗೆದು ನೋಡುವ ಹಾಗಾಗಿದೆ. 400 ಕ್ಯಾಲೊರಿ ಜಾಸ್ತಿ ತಿಂದು ಇಷ್ಟು ಹಸಿವು ಯಾಕೆ? ಅಮ್ಮ ಫೋನಿನಲ್ಲಿ ಹೊಟ್ಟೆ ತುಂಬ ತಿನ್ನು ಅನ್ನುತ್ತಾರೆ. ಆಫೀಸಿನ ಗೆಳತಿ ಹೊಟ್ಟೆ ಹಿಗ್ಗಿದೆ, ಅದಕ್ಕೇ ಹೀಗೆ ಅನ್ನುತ್ತಾಳೆ. ನನಗೆ ಕಳೆದುಕೊಂಡ ತೂಕ ಎಲ್ಲ ವಾಪಸ್ ಬರುತ್ತದೆ ಅಂತ ಭಯ. ಮತ್ತೆ 1200ಕ್ಕೆ ಹೋಗಲಾ?


ಹುಬ್ಬಳ್ಳಿ_ಜಿಮ್

ಅಕ್ಕಾರೆ, ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 1200ರಲ್ಲಿ ಹಸಿವು ಇರಲಿಲ್ಲ ಅಂದರೆ ಆ ಊಟ ನಿಮ್ಮ ದೇಹಕ್ಕೆ ಹೊಂದಿತ್ತು ಅಂತ ಅರ್ಥ. ಈಗ ಅನ್ನ, ಚಪಾತಿ, ಬಿಸ್ಕತ್ತು ಬಂದ ಕೂಡಲೇ ಹಸಿವು ಬಂದಿದೆ. ಹಾಗಾದರೆ ವಾಪಸ್ ಹೋಗುವುದೇ ಸರಿ ಅಲ್ವಾ? ಇನ್ನೂ ಐದಾರು ಕೆಜಿ ಇಳಿಸಿ ಆಮೇಲೆ ಏರಿಸಿ.

ಇನ್ನೊಂದು ಮಾತು. 1600 ಅನ್ನುವುದು ನಿಜವಾಗಿ 1600 ಇದೆಯಾ ಅಂತ ನೋಡಿ. ನಮ್ಮ ಜಿಮ್ಮಿಗೆ ಬರುವವರಲ್ಲಿ ಹೆಚ್ಚಿನವರು ಒಗ್ಗರಣೆ ಎಣ್ಣೆ, ಚಟ್ನಿಯ ಕಾಯಿ, ಟೀ ಸಕ್ಕರೆ ಬರೆದುಕೊಳ್ಳುವುದೇ ಇಲ್ಲ. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಗಿತ್ತು. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಅನ್ನುವವರನ್ನೇ ಕರೆಸಿ ಅಳೆದು ನೋಡಿದರು. ಅವರು ತಾವು ತಿಂದಿದ್ದನ್ನು ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು. ಯಾರೂ ಬೇಕಂತ ಸುಳ್ಳು ಹೇಳುವುದಿಲ್ಲ, ಲೆಕ್ಕ ತಪ್ಪುತ್ತದೆ ಅಷ್ಟೇ. ಒಂದು ವಾರ ಅಡುಗೆ ಮನೆಯ ತಕ್ಕಡಿಯಲ್ಲಿ ಅಕ್ಕಿ, ಬೇಳೆ ಹಸಿಯಾಗಿರುವಾಗಲೇ ತೂಗಿ ಬರೆಯಿರಿ. ಎಣ್ಣೆ ಚಮಚದಲ್ಲಿ ಅಳೆಯಿರಿ.


ಪಥ್ಯ_ಮಂಗಳೂರು

ನಾನು ಡಯಟಿಷಿಯನ್, ಮಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಹುಬ್ಬಳ್ಳಿ ಸರ್ ಹೇಳಿದ ಅಳತೆಯ ಮಾತು ನೂರಕ್ಕೆ ನೂರು ಸರಿ. ಆದರೆ 1200ಕ್ಕೆ ವಾಪಸ್ ಹೋಗಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೂದಲು ಉದುರುವುದು, ಮುಟ್ಟು ತಪ್ಪುವುದು, ಚಳಿ. ಈ ಮೂರನ್ನು ಒಟ್ಟಿಗೆ ನೋಡಿದ ಮೇಲೂ ಊಟ ಹೊಂದಿತ್ತು ಅನ್ನಲು ಆಗುವುದಿಲ್ಲ ಸರ್.

ಮೇಡಂ, ಮೊದಲು ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. 1600 ಕೂಡ ನಿಮಗೆ ಕಡಿಮೆಯೇ. ನಿಮ್ಮ ವಯಸ್ಸು, ಎತ್ತರ, ತೂಕ ಹಾಕಿ ಲೆಕ್ಕ ಮಾಡಿದರೆ ಸುಮ್ನೆ ಮಲಗಿದ್ದರೂ ದೇಹಕ್ಕೆ 1350ರಷ್ಟು ಬೇಕು. ಆಫೀಸು, ಮನೆಗೆಲಸ, ಸ್ವಲ್ಪ ಓಡಾಟ ಸೇರಿಸಿದರೆ 1800ರ ಹತ್ತಿರ. ಅಂದರೆ ನೀವು ಇನ್ನೂ ತೂಕ ಇಳಿಸುವ ಊಟವನ್ನೇ ಮಾಡುತ್ತಿದ್ದೀರಿ. ಕ್ಯಾಲೊರಿ ಏರಿಸಿದೆ, ಆದ್ದರಿಂದ ಹೊಟ್ಟೆ ತುಂಬಬೇಕು ಅನ್ನುವ ನಿರೀಕ್ಷೆ ಇಲ್ಲೇ ಕೈಕೊಡುತ್ತದೆ. ಕೊರತೆ ಸ್ವಲ್ಪ ಕಡಿಮೆಯಾಗಿದೆ, ಮುಗಿದಿಲ್ಲ.

ಜೊತೆಗೆ ನೀವು 10 ಕೆಜಿ ಇಳಿಸಿದ್ದೀರಿ. ಇದು ಹಸಿವಿನ ಮಟ್ಟಿಗೆ ದೊಡ್ಡ ವಿಷಯ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಮತ್ತು ಜೊತೆಯವರು 2016ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಮೂತ್ರದಲ್ಲಿ ಸಕ್ಕರೆ ಹೊರಗೆ ಹೋಗುವಂತೆ ಮಾಡುವ ಒಂದು ಡಯಾಬಿಟಿಸ್ ಮಾತ್ರೆ ಇದೆ, ಅದನ್ನು ತೆಗೆದುಕೊಂಡವರಿಗೆ ತಾವು ದಿನಾ ಎಷ್ಟು ಕ್ಯಾಲೊರಿ ಕಳೆದುಕೊಳ್ಳುತ್ತಿದ್ದೇವೆ ಅಂತ ಗೊತ್ತೇ ಇರುವುದಿಲ್ಲ, ಪಥ್ಯವನ್ನೂ ಮಾಡಿರುವುದಿಲ್ಲ. ಹಾಗಾಗಿ ಮನಸ್ಸಿನ ಪಾತ್ರ ಬಿಟ್ಟು ಬರೀ ದೇಹ ಏನು ಮಾಡುತ್ತದೆ ಅಂತ ನೋಡಲು ಸಾಧ್ಯವಾಯಿತು. ಇಳಿದ ಪ್ರತಿ ಒಂದು ಕೆಜಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಹಸಿವು ಜಾಸ್ತಿಯಾಗುತ್ತದೆ ಅಂತ ಅವರ ಅಂದಾಜು. ಅದೇ ಒಂದು ಕೆಜಿಗೆ ದೇಹದ ಖರ್ಚು ಕಡಿಮೆಯಾಗುವುದು ಬರೀ 20ರಿಂದ 30 ಕ್ಯಾಲೊರಿ. ಎಲ್ಲರೂ ಮೆಟಬಾಲಿಸಂ ಹಾಳಾಯಿತು ಅಂತ ಹೆದರುತ್ತಾರೆ. ತೂಕ ವಾಪಸ್ ಎಳೆಯುವುದರಲ್ಲಿ ಹಸಿವಿನ ಪಾಲೇ ದೊಡ್ಡದು.

ಹಾಗಾದರೆ ಮೊದಲು ಹಸಿವು ಯಾಕೆ ಇರಲಿಲ್ಲ ಅಂತ ಕೇಳುತ್ತೀರಿ. ಅನ್ನ, ಮುದ್ದೆ ಎಲ್ಲ ಬಿಟ್ಟು ತೀರಾ ಕಡಿಮೆ ತಿಂದಾಗ ದೇಹ ಕೊಬ್ಬನ್ನು ಕರಗಿಸಿ ಸಕ್ಕರೆಯ ಬದಲು ಉರಿಸಲು ಕೀಟೋನ್ ಎಂಬ ಇಂಧನ ಮಾಡಿಕೊಳ್ಳುತ್ತದೆ. ಕೀಟೋನ್ ಇರುವಷ್ಟು ದಿನ ಹಸಿವು ತಗ್ಗಿರುತ್ತದೆ, ಇದು ಚೆನ್ನಾಗಿ ಗೊತ್ತಿರುವ ಸಂಗತಿ. ನಿಮಗೆ ಎಷ್ಟರಮಟ್ಟಿಗೆ ಹಾಗಾಗಿತ್ತು ಅಂತ ಇಲ್ಲಿ ಕೂತು ಹೇಳಲಾರೆ, ಆದರೆ ನೀವು ಬರೆದ ಊಟ ಆ ಕಡೆಗೇ ಇತ್ತು. ಅನ್ನ ಚಪಾತಿ ಬಂದ ಮೇಲೆ ಆ ತಡೆ ಹೋಯಿತು. ಅಷ್ಟು ದಿನ ಅಡಗಿದ್ದ ಹಸಿವು ಈಗ ಕೇಳಿಸುತ್ತಿದೆ. ಕಾಫಿ ಇಳಿಸಿದ್ದು, ಡಂಬೆಲ್ ಶುರು ಮಾಡಿದ್ದು ಎರಡೂ ಅದೇ ಹೊತ್ತಿಗೆ ಸೇರಿಕೊಂಡಿದೆ.

ಈಗ ನನಗೆ ನಿಜವಾಗಿ ಕಣ್ಣಿಗೆ ಬಿದ್ದಿದ್ದು ಹೇಳುತ್ತೇನೆ. ನಿಮ್ಮ ಹಳೆಯ ಊಟವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲು ಮೊಟ್ಟೆ, ಮೊಳಕೆ ಕಾಳು, ಮೊಸರು, ಪನೀರ್ ಇತ್ತು. ಈಗ ಒಂದೂ ಇಲ್ಲ. ಮೊದಲು ದಿನಕ್ಕೆ 50 ಗ್ರಾಂ ಆಸುಪಾಸು ಪ್ರೋಟೀನ್ ಸಿಗುತ್ತಿತ್ತು, ಈಗ 40 ಸಿಕ್ಕರೆ ಹೆಚ್ಚು. ಕ್ಯಾಲೊರಿ ಏರಿದೆ, ಪ್ರೋಟೀನ್ ಇಳಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಆರೋಗ್ಯವಂತರಿಗೇ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಬೇಕು. ತೂಕ ಇಳಿಸುವವರಿಗೆ, ಅದರಲ್ಲೂ ಭಾರ ಎತ್ತುವವರಿಗೆ, ನಾವು 1.2 ಗ್ರಾಂ ಇಟ್ಟುಕೊಳ್ಳುತ್ತೇವೆ. ನಿಮಗೆ 80 ಗ್ರಾಂ ಅನ್ನಿ. ಹೊಟ್ಟೆ ತುಂಬಿದೆ ಅನ್ನುವ ಭಾವನೆ ಬಹಳ ಹೊತ್ತು ನಿಲ್ಲಿಸುವುದು ಪ್ರೋಟೀನ್ ಮತ್ತು ನಾರು. ಬಿಸ್ಕತ್ತು ಅದನ್ನು ಮಾಡುವುದಿಲ್ಲ.

1600 ಹಾಗೇ ಇರಲಿ. ಅನ್ನ ಬಿಡಬೇಕಾಗಿಲ್ಲ. ಹಳೆಯ ಮೊಟ್ಟೆ, ಕಾಳು, ಮೊಸರು ವಾಪಸ್ ತನ್ನಿ, ಅದರ ಪಕ್ಕದಲ್ಲಿ ಅನ್ನ ಇಡ್ಲಿ ಇಡಿ. ಮೊಟ್ಟೆಯ ಹಳದಿ ಎಸೆಯಬೇಡಿ, ಒಂದು ಇಡೀ ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಎಪ್ಪತ್ತು ಚಿಲ್ಲರೆ ಕ್ಯಾಲೊರಿ ಅಷ್ಟೇ. ಮೀನು ತಿನ್ನುವವರಾದರೆ ವಾರಕ್ಕೆರಡು ದಿನ ಬಂಗುಡೆ ಸಾರು, ಹುರಿದಿದ್ದಲ್ಲ. ನಿಮ್ಮ ಡಯಟಿಷಿಯನ್ ಹತ್ತಿರ ಈ ಪ್ರೋಟೀನ್ ಲೆಕ್ಕವನ್ನೇ ಇಟ್ಟು ಮಾತಾಡಿ. 1600 ಅನ್ನುವ ಸಂಖ್ಯೆ ಒಂದನ್ನೇ ಹಿಡಿದುಕೊಂಡು ಮನೆಗೆ ಬಂದರೆ ಹೀಗಾಗುವುದು ತುಂಬಾ ಸಾಮಾನ್ಯ.


ಧಾರವಾಡ_ಮೇಷ್ಟ್ರು

ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು. ಈ ಪ್ರಶ್ನೆಗೆ 80 ವರ್ಷ ಹಿಂದೆಯೇ ಒಂದು ದೊಡ್ಡ ಉತ್ತರ ಸಿಕ್ಕಿದೆ, ಅದನ್ನು ಹೇಳದೆ ಇರಲು ಆಗುವುದಿಲ್ಲ.

ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಯುರೋಪಿನಲ್ಲಿ ಲಕ್ಷಾಂತರ ಜನ ಉಪವಾಸ ಬಿದ್ದಿದ್ದರು, ಅವರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕಾಗಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧಕ್ಕೆ ಹೋಗುವುದಿಲ್ಲ, ಕೊಲ್ಲುವುದಿಲ್ಲ ಎಂದು ನಿಂತ 36 ಯುವಕರು ತಾವಾಗಿ ಮುಂದೆ ಬಂದರು. 24 ವಾರ ಅವರಿಗೆ ದಿನಕ್ಕೆ ಸರಾಸರಿ 1570 ಕ್ಯಾಲೊರಿ, ಹೆಚ್ಚಾಗಿ ಆಲೂಗಡ್ಡೆ, ಬ್ರೆಡ್, ಗಡ್ಡೆಗೆಣಸು. ವಾರಕ್ಕೆ 35 ಕಿಲೋಮೀಟರ್ ನಡೆಯಬೇಕು. ತೂಕ ಕಾಲು ಭಾಗದಷ್ಟು ಇಳಿಯಿತು. ಸೆಕೆಗಾಲದಲ್ಲೂ ಚಳಿ, ಕೂದಲು ಉದುರುವುದು, ಯಾವಾಗಲೂ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಡಬ್ಬ ತೆಗೆದು ನೋಡುವುದು ಅಂತ ನೀವು ಬರೆದಿದ್ದು ಓದಿದಾಗ ನನಗೆ ಇದೇ ನೆನಪಾಯಿತು.

ನಿಮ್ಮ ಪ್ರಶ್ನೆಗೆ ಸಂಬಂಧ ಇರುವುದು ಆಮೇಲಿನ ಭಾಗ. ಪುನಃ ಊಟ ಏರಿಸತೊಡಗಿದರು. ಹಸಿವು ಇಳಿಯಲಿಲ್ಲ. ಕೊನೆಗೆ ಬೇಕಾದಷ್ಟು ತಿನ್ನಬಹುದು ಅಂದಾಗ ಕೆಲವರು ದಿನಕ್ಕೆ 5000 ಕ್ಯಾಲೊರಿಗಿಂತ ಜಾಸ್ತಿ ತಿಂದರು, ಹೊಟ್ಟೆ ಬಿರಿಯುವಷ್ಟು ತಿಂದು ಎದ್ದ ಮೇಲೂ ಇನ್ನೂ ಹಸಿವು ಅಂದರು. ಮುಂದೆ ಬೇರೆ ವಿಜ್ಞಾನಿಗಳು ಆ ಅಂಕಿಗಳನ್ನು ಮತ್ತೆ ನೋಡಿದಾಗ ಕಂಡಿದ್ದು ಏನೆಂದರೆ, ಕೊಬ್ಬು ಮೊದಲಿನ ಮಟ್ಟಕ್ಕೆ ಬಂದ ಮೇಲೂ ಆ ಅತಿಹಸಿವು ಮುಂದುವರಿದಿತ್ತು. ಕಳೆದುಹೋದ ಮಾಂಸಖಂಡ ಪೂರ್ತಿ ವಾಪಸ್ ಬರುವ ಹೊತ್ತಿಗೆ ಇಳಿಯಿತು. ಹಾಗಾಗಿ ನಿಮ್ಮ ಡಯಟಿಷಿಯನ್ ಡಂಬೆಲ್ ಎತ್ತಿಸುತ್ತಿರುವುದು ಬಹಳ ಒಳ್ಳೆಯದು, ಅದನ್ನು ಬಿಡಬೇಡಿ. ಒಂದು ವ್ಯತ್ಯಾಸ ಗಮನದಲ್ಲಿರಲಿ: ಆ ಯುವಕರು ಮೊದಲೇ ತೆಳ್ಳಗಿದ್ದವರು, ಅವರ ಉಪವಾಸ ತೀರಾ ಕಠಿಣ. ನಿಮ್ಮದು ಅಷ್ಟು ದೂರ ಹೋಗಿಲ್ಲ, ಅವರಷ್ಟು ಹಸಿವು ನಿಮಗೆ ಬರುತ್ತದೆ ಅಂತ ಹೆದರಬೇಡಿ.

ಒಳಗೆ ನಡೆಯುವುದು ಇಷ್ಟು. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಮಿದುಳಿಗೆ ಸಾಕಷ್ಟು ದಾಸ್ತಾನು ಇದೆ ಅಂತ ಹೇಳುತ್ತದೆ. 1994ರಲ್ಲಿ ಪತ್ತೆಯಾಯಿತು. ಜಠರದಿಂದ ಬರುವ ಗ್ರೆಲಿನ್ ಹಸಿವು ಎಬ್ಬಿಸುತ್ತದೆ, ಅದು 1999ರಲ್ಲಿ ಜಪಾನಿನಲ್ಲಿ ಪತ್ತೆಯಾಯಿತು. ತೂಕ ಇಳಿದಾಗ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ. ನಾಲ್ಕು ಇಡ್ಲಿ ತಿಂದ ಮಾತ್ರಕ್ಕೆ ಇವು ಮೊದಲಿನ ಜಾಗಕ್ಕೆ ಹೋಗುವುದಿಲ್ಲ. ಮೆಲ್ಬರ್ನ್‌ನಲ್ಲಿ 50 ಜನರಿಗೆ 10 ವಾರ ತೀರಾ ಕಡಿಮೆ ಊಟ ಕೊಟ್ಟು ತೂಕ ಇಳಿಸಿದರು, 2011ರಲ್ಲಿ ಪ್ರಕಟವಾಯಿತು. ಒಂದು ವರ್ಷ ಆದ ಮೇಲೂ ಆ ಹಾರ್ಮೋನುಗಳು ಪೂರ್ತಿ ಮೊದಲಿನಂತೆ ಆಗಿರಲಿಲ್ಲ, ಹಸಿವೂ ಮೊದಲಿಗಿಂತ ಜಾಸ್ತಿಯೇ ಇತ್ತು. ಇದು ಕೇಳಲು ಬೇಸರದ ಸುದ್ದಿ, ಆದರೆ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳುವುದನ್ನು ಇದು ನಿಲ್ಲಿಸಬೇಕು.

ಹೊಟ್ಟೆ ಹಿಗ್ಗಿದೆ ಅನ್ನುವ ಗೆಳತಿಯ ಮಾತು ಬಿಡಿ. ಜಠರ ಪ್ರತಿ ಊಟಕ್ಕೂ ಹಿಗ್ಗಿ ಕುಗ್ಗುವ ಅಂಗ. ದಿನವಿಡೀ ಹಂಚಿ ತಿಂದ 400 ಕ್ಯಾಲೊರಿಗೆ ಅದೇನೂ ಆಗುವುದಿಲ್ಲ.


ಮಲೆನಾಡ_ಅಡುಗೆ

ಮೇಷ್ಟ್ರು, ಡಯಟಿಷಿಯನ್ ಮೇಡಂ ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಅಡುಗೆ ಮನೆಯ ಕಡೆಯಿಂದ ಹೇಳುತ್ತೇನೆ ಮಗಾ. ಹಾಸನದವಳು ನೀನು, ಹುರುಳಿ ಸಾರು, ಮಸೊಪ್ಪು, ಬಸ್ಸಾರು ಇರುವ ಊರಿನಿಂದ ಬಂದು ಬಿಸ್ಕತ್ತಿನಲ್ಲಿ ಯಾಕೆ ಹೊಟ್ಟೆ ತುಂಬಿಸುತ್ತೀಯಾ?

ಬೆಳಿಗ್ಗೆ ನಾಲ್ಕು ಇಡ್ಲಿ ಬದಲು ಎರಡು ಇಡ್ಲಿ, ಒಂದು ದೊಡ್ಡ ಬಟ್ಟಲು ತರಕಾರಿ ಹಾಕಿದ ಗಟ್ಟಿ ಸಾಂಬಾರು, ಎರಡು ಬೇಯಿಸಿದ ಮೊಟ್ಟೆ. ಒಂದೊಂದು ದಿನ ಹೆಸರುಕಾಳು ನೆನೆಸಿ ರುಬ್ಬಿ ದೋಸೆ ಮಾಡು, ಹುದುಗು ಬರುವವರೆಗೂ ಕಾಯಬೇಕಾಗಿಲ್ಲ, ಕೆಲಸಕ್ಕೆ ಹೋಗುವವರಿಗೆ ಅನುಕೂಲ. ಚಟ್ನಿಗೆ ಬರೀ ಕಾಯಿ ಹಾಕುವ ಬದಲು ಅರ್ಧ ಹುರಿಗಡಲೆ, ಅರ್ಧ ಪುದೀನ ಕೊತ್ತಂಬರಿ. 100 ಗ್ರಾಂ ಕಾಯಿತುರಿಯಲ್ಲಿ 350ರ ಮೇಲೆ ಕ್ಯಾಲೊರಿ ಇರುತ್ತದೆ, ಚಟ್ನಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ.

ಮಧ್ಯಾಹ್ನ ಅನ್ನ ಬೇಡ ಅನ್ನುವುದಿಲ್ಲ. ತಟ್ಟೆಗೆ ಮೊದಲು ಪಲ್ಯ ಮತ್ತು ಕಾಳು ಬಡಿಸಿಕೋ, ಉಳಿದ ಜಾಗಕ್ಕೆ ಅನ್ನ. ರಾತ್ರಿ ಬೇಕಿದ್ದರೆ ಚಪಾತಿ ಬದಲು ಸಣ್ಣ ಮುದ್ದೆ. ರಾಗಿಯಲ್ಲೂ ಅಕ್ಕಿಯಲ್ಲೂ ಕ್ಯಾಲೊರಿ ದೊಡ್ಡ ವ್ಯತ್ಯಾಸ ಇಲ್ಲ, 100 ಗ್ರಾಂ ರಾಗಿಗೆ 320, ಅಕ್ಕಿಗೆ 350ರ ಮೇಲೆ. ಆದರೆ ನಾರು ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಒಂದು ವಿಷಯ ಮಾತ್ರ ಹೇಳಬೇಕು, ರಾಗಿಯಲ್ಲಿ ಪ್ರೋಟೀನ್ ತುಂಬಾ ಇದೆ ಅಂತ ಎಲ್ಲರೂ ಹೇಳಿಕೊಂಡು ತಿರುಗುತ್ತಾರೆ, ಅದು ನಿಜ ಅಲ್ಲ. 7 ಗ್ರಾಂ ಅಷ್ಟೇ, ಅಕ್ಕಿಯಷ್ಟೇ. ಪ್ರೋಟೀನ್ ಬರುವುದು ಜೊತೆಗೆ ಇರುವ ಹುರುಳಿ ಸಾರಿನಿಂದ. ಹುರುಳಿ, ತೊಗರಿ ಎರಡರಲ್ಲೂ 100 ಗ್ರಾಂಗೆ 21-22 ಗ್ರಾಂ. ಆದ್ದರಿಂದ ಸಾರಿನ ತಿಳಿ ಮಾತ್ರ ಬಡಿಸಿಕೊಂಡು ಕಾಳು ಪಾತ್ರೆಯಲ್ಲೇ ಬಿಡಬೇಡ.

ಸಂಜೆ ನಾಲ್ಕಕ್ಕೆ ಒಂದು ಹಿಡಿ ಹುರಿಗಡಲೆ, ಒಂದು ಲೋಟ ಮಜ್ಜಿಗೆ. ಇಲ್ಲವೇ ಹೆಸರುಬೇಳೆ ಕೋಸಂಬರಿ. ಶೇಂಗಾ ಒಳ್ಳೆಯದೇ, ಆದರೆ ಒಂದು ಹಿಡಿಗೆ 150ರ ಮೇಲೆ ಹೋಗುತ್ತದೆ, ಡಬ್ಬ ಪಕ್ಕದಲ್ಲಿಟ್ಟುಕೊಂಡು ತಿನ್ನಬೇಡ. ಒಗ್ಗರಣೆಗೆ ಬಾಟಲಿಯಿಂದ ಸೀದಾ ಬಗ್ಗಿಸುವುದು ನಿಲ್ಲಿಸು, ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ.


ಧಾರವಾಡ_ಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಆಲೂಗಡ್ಡೆಗೂ ಜಾಗ ಕೊಡಿ. 1995ರಲ್ಲಿ ಸಿಡ್ನಿಯಲ್ಲಿ 38 ಬಗೆಯ ತಿನಿಸುಗಳನ್ನು ಒಂದೇ ಕ್ಯಾಲೊರಿ ಅಳತೆಯಲ್ಲಿ ಕೊಟ್ಟು ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿರುತ್ತದೆ ಅಂತ ನೋಡಿದರು. ಎಲ್ಲಕ್ಕಿಂತ ಮೇಲೆ ಬಂದಿದ್ದು ಬೇಯಿಸಿದ ಆಲೂಗಡ್ಡೆ. ಬೆಣ್ಣೆ ಹೆಚ್ಚಿರುವ ಕ್ರೊಸಾಂಟ್ ಎಂಬ ಬನ್ನು ಕೊನೆಗೆ. ನಮ್ಮಲ್ಲಿ ತೂಕ ಇಳಿಸುವವರು ಮೊದಲು ಬಿಡುವುದೇ ಆಲೂಗಡ್ಡೆ. ಬೇಯಿಸಿ ತಿನ್ನಿ, ಬೋಂಡಾ ಬೇಡ.


ರಾತ್ರಿಪಾಳಿ_ಬೆಂಗಳೂರು

ನಿದ್ದೆ ಎಷ್ಟು ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ. ನನಗೆ ಪಾಳಿ ಬದಲಾದ ವಾರ ಏನು ತಿಂದರೂ ಸಾಕಾಗುವುದಿಲ್ಲ, ಅದರಲ್ಲೂ ಸಿಹಿ ಬೇಕು ಅನಿಸುತ್ತದೆ. 2004ರಲ್ಲಿ ಷಿಕಾಗೋದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಮೇಷ್ಟ್ರು ಹೇಳಿದ ಲೆಪ್ಟಿನ್ 18 ಶೇಕಡಾ ಇಳಿಯಿತು, ಗ್ರೆಲಿನ್ 28 ಶೇಕಡಾ ಏರಿತು. ಎರಡೇ ರಾತ್ರಿಗೆ. ಬೆಳಿಗ್ಗೆ ಡಂಬೆಲ್ ಎತ್ತಲು ಬೇಗ ಎದ್ದು, ರಾತ್ರಿ ಟ್ರಾಫಿಕ್‌ನಲ್ಲಿ ತಡವಾಗಿ ಮನೆಗೆ ಬಂದು ಮಲಗುತ್ತಿದ್ದರೆ ಅದನ್ನು ಮೊದಲು ಸರಿಮಾಡಿ.


ವೈದ್ಯೆ_ಕಲಬುರಗಿ

ಊಟದ ಸಲಹೆಗಳೆಲ್ಲ ಚೆನ್ನಾಗಿವೆ. ಆದರೆ ಕೂದಲು, ಮುಟ್ಟು, ಚಳಿ ಎಲ್ಲವನ್ನೂ ಕಡಿಮೆ ಊಟದ ಲೆಕ್ಕಕ್ಕೇ ಹಾಕಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ ಇದೇ ಮೂರು ಕಾಣಿಸುತ್ತವೆ. ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್, ಥೈರಾಯ್ಡಿಗೆ ಟಿಎಸ್‌ಎಚ್, ಸಕ್ಕರೆಗೆ ಎಚ್‌ಬಿಎ1ಸಿ. ಮುಟ್ಟು ತಪ್ಪಿದೆ, ಹಸಿವು ಏರಿದೆ ಅಂದಾಗ ಗರ್ಭಿಣಿಯಾಗುವ ಸಾಧ್ಯತೆ ಇದ್ದರೆ ಆ ಪರೀಕ್ಷೆಯೂ ಮೊದಲು ಆಗಲಿ.

ಸಕ್ಕರೆ ಯಾಕೆ ಅಂದರೆ, 2023ರಲ್ಲಿ ಬಂದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೇಲೆ ಜನರಿಗೆ ಡಯಾಬಿಟಿಸ್ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಹೊಸ್ತಿಲು, 6.5 ಮತ್ತು ಮೇಲೆ ಡಯಾಬಿಟಿಸ್. ನಮ್ಮವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ದಾಟಿದರೇ ಅಪಾಯ ಶುರು ಅಂತ ನಾವು ನೋಡುತ್ತೇವೆ, ನೀವು 10 ಕೆಜಿ ಇಳಿಸಿದ ಮೇಲೂ 26ರ ಮೇಲಿದ್ದೀರಿ. ಹಸಿವಿನ ಜೊತೆ ಬಾಯಾರಿಕೆ ಜಾಸ್ತಿ, ಪದೇ ಪದೇ ಮೂತ್ರ ಇದ್ದರೆ ತಡ ಮಾಡಬೇಡಿ. ಚೆನ್ನಾಗಿ ತಿಂದರೂ ತೂಕ ಇಳಿಯುತ್ತಲೇ ಇದ್ದು ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಇದ್ದರೆ ಅದು ಥೈರಾಯ್ಡ್ ಜಾಸ್ತಿಯಾದ ಲಕ್ಷಣ ಇರಬಹುದು. ಸ್ಟೀರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಔಷಧಿ, ಕೆಲವು ಸಕ್ಕರೆ ಮಾತ್ರೆಗಳೂ ಹಸಿವು ಏರಿಸುತ್ತವೆ, ಏನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ.

ಇನ್ನೊಂದನ್ನು ಪ್ರೀತಿಯಿಂದ ಕೇಳುತ್ತೇನೆ. ರಾತ್ರಿ ಡಬ್ಬ ತೆಗೆದು ನೋಡುವುದು ಅಂದಿರಿ. ಅದು ಯಾರಿಗೂ ಕಾಣದ ಹಾಗೆ ಒಂದೇ ಸಲ ತುಂಬಾ ತಿನ್ನುವುದು, ಆಮೇಲೆ ವಾಂತಿ ಮಾಡುವುದು, ಮರುದಿನ ಉಪವಾಸ ಇರುವುದು ಈ ದಾರಿಗೆ ಹೋಗಿದ್ದರೆ ಕ್ಯಾಲೊರಿ ಲೆಕ್ಕ ಬದಿಗಿಟ್ಟು ಮನೋವೈದ್ಯರನ್ನೋ ಕೌನ್ಸೆಲರನ್ನೋ ನೋಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.


ಹಾಸನದ_ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಕೆಲವು ವಾರ ಆಯಿತು, ಏನಾಯಿತು ಅಂತ ಹೇಳಬೇಕು ಅನಿಸಿತು.

ಡಾಕ್ಟರ್ ಮೇಡಂ ಹೇಳಿದ ಪರೀಕ್ಷೆ ಎಲ್ಲ ಮಾಡಿಸಿದೆ. ಟಿಎಸ್‌ಎಚ್, ಸಕ್ಕರೆ ಸರಿ ಇದೆ. ಗರ್ಭಿಣಿ ಅಲ್ಲ. ಫೆರಿಟಿನ್ ಕಡಿಮೆ ಬಂತು, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ವಾಂತಿ, ಉಪವಾಸ ಅಂಥದ್ದೇನೂ ಇಲ್ಲ ಮೇಡಂ, ಕೇಳಿದ್ದು ಒಳ್ಳೆಯದಾಯಿತು. ನಿದ್ದೆ ಆರು ಗಂಟೆಗೂ ಕಡಿಮೆ ಇತ್ತು, ಡಂಬೆಲ್ ಸಂಜೆಗೆ ಹಾಕಿಕೊಂಡೆ.

ಎರಡು ಇಡ್ಲಿ, ಸಾಂಬಾರು, ಮೊಟ್ಟೆ ಶುರು ಮಾಡಿದ ಮೇಲೆ 11 ಗಂಟೆಯ ಹಸಿವು ಹೋಗಿದೆ. ನಾಲ್ಕು ಗಂಟೆಯದು ಹುರಿಗಡಲೆ ಮಜ್ಜಿಗೆಗೆ ಸುಮಾರು ತಡೆಯುತ್ತದೆ. ರಾತ್ರಿಯದು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ, ಮುಟ್ಟಿಗೆ ಮುಂಚಿನ ವಾರ ಎಲ್ಲಕ್ಕಿಂತ ಜಾಸ್ತಿ. ಎಣ್ಣೆ ಅಳೆದಾಗ ನಾನು ಬರೆದುಕೊಳ್ಳುತ್ತಿದ್ದುದಕ್ಕಿಂತ ಜಾಸ್ತಿಯೇ ಬಂತು, ಹುಬ್ಬಳ್ಳಿ ಅಣ್ಣನಿಗೆ ಧನ್ಯವಾದ.

ಈಗ ಹೊಸ ಚಿಂತೆ. ಎಲ್ಲ ಸರಿಯಾಗಿ ಅಳೆದು 1600 ತಿಂದರೂ ತಕ್ಕಡಿ 69 ತೋರಿಸುತ್ತಿದೆ. ಒಂದು ಕೆಜಿ ಕೊಬ್ಬು ಬಂತಾ?


ಪಥ್ಯ_ಮಂಗಳೂರು

ಕೊಬ್ಬು ಇಷ್ಟು ಬೇಗ ಬರುವುದಿಲ್ಲ ಮೇಡಂ, ಅದರಲ್ಲೂ ಕೊರತೆಯ ಊಟದಲ್ಲಿ. ಅನ್ನ, ಇಡ್ಲಿ ಬಿಟ್ಟಿದ್ದಾಗ ಯಕೃತ್ತು ಮತ್ತು ಮಾಂಸಖಂಡದಲ್ಲಿ ಇರುವ ಗ್ಲೈಕೊಜನ್, ಅಂದರೆ ಸಕ್ಕರೆಯ ದಾಸ್ತಾನು, ಖಾಲಿಯಾಗಿರುತ್ತದೆ. ಈಗ ಅದು ಮತ್ತೆ ತುಂಬಿಕೊಂಡಿದೆ. ಒಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಳ್ಳುತ್ತದೆ. 300 ಗ್ರಾಂ ತುಂಬಿದರೆ ನೀರು ಸೇರಿ ಒಂದು ಕೆಜಿ ದಾಟಿತು. ಇದರ ಮೇಲೆ ಹೊಸದಾಗಿ ಭಾರ ಎತ್ತಿದ ಮಾಂಸಖಂಡ ಸ್ವಲ್ಪ ನೀರು ಹಿಡಿಯುತ್ತದೆ, ಮುಟ್ಟಿನ ಮುಂಚೆ ಇನ್ನೂ ಸ್ವಲ್ಪ. ನೀವು ಮೊದಲು 68 ಅಂತ ನೋಡಿದ್ದರಲ್ಲಿ ಈ ನೀರು ಇರಲಿಲ್ಲ.

ಆದ್ದರಿಂದ ದಿನಾ ತಕ್ಕಡಿ ಹತ್ತಬೇಡಿ, ಅದು ನಿಮ್ಮನ್ನು ಮತ್ತೆ 1200ಕ್ಕೆ ಓಡಿಸುತ್ತದೆ. ಟೈಲರ್ ಟೇಪಿನಲ್ಲಿ ಹೊಕ್ಕಳಿನ ಹತ್ತಿರ ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳಿ. ನಮ್ಮ ಹೆಂಗಸರಿಗೆ ಅದು 80 ಸೆಂಟಿಮೀಟರ್ ಒಳಗೆ ಬರಬೇಕು ಅನ್ನುವುದು ಗುರಿ, ತೂಕಕ್ಕಿಂತ ಇದು ಹೆಚ್ಚು ಹೇಳುತ್ತದೆ. ಮುಟ್ಟು ಮುಗಿದ ವಾರದಲ್ಲಿ ಒಂದು ಸಲ, ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ, ಮುಂದಿನ ತಿಂಗಳು ಅದೇ ಹೊತ್ತಿಗೆ ಮತ್ತೆ ನೋಡಿ. ಆ ಎರಡನ್ನು ಮಾತ್ರ ಹೋಲಿಸಿ. ಮುಟ್ಟಿಗೆ ಮುಂಚಿನ ವಾರ ಹಸಿವು ಏರುವುದು ಸಹಜ, ಆಗ 100-150 ಕ್ಯಾಲೊರಿ ಜಾಸ್ತಿ ತಿಂದರೆ ಏನೂ ಆಗುವುದಿಲ್ಲ, ಕಾಳು ಮೊಸರಿನಲ್ಲಿ ತಿನ್ನಿ.

ಮತ್ತೆ ಆ ಕಬ್ಬಿಣದ ಮಾತ್ರೆ. ಕಾಫಿ, ಟೀ ಜೊತೆ ತೆಗೆದುಕೊಳ್ಳಬೇಡಿ, ಕಬ್ಬಿಣ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರ ಇರಲಿ. ನಿಂಬೆರಸದ ನೀರಿನ ಜೊತೆ ತೆಗೆದುಕೊಂಡರೆ ಒಳ್ಳೆಯದು.